ಇವತ್ತೂ ಬೇಕಾ?

ತೆರ್ಜೋಲಾದ ಆಸ್ಪತ್ರೆ, ಎರಡನೇ ಮಹಡಿ.
ಮುದುಕ ಅಂಬ್ರೋಸಿ ಗುಡಾಣ ತೊಳೆಯುವವನು.
ಅಲ್ಲಿಯವರು ಅದನ್ನು ಚುರಿ ಅನ್ನುತ್ತಾರೆ, ನಮ್ಮ ಚೂರಿಯಲ್ಲ,
ಕುತ್ತಿಗೆ ಮಟ್ಟ ನೆಲದಲ್ಲಿ ಹೂತ, ಆಳು ನಿಲ್ಲುವಷ್ಟು ದೊಡ್ಡ
ಮಣ್ಣಿನ ಹೊಟ್ಟೆ, ದ್ರಾಕ್ಷಿರಸ ಮಲಗುವ ಜಾಗ.
ಐವತ್ತು ವರ್ಷ ಅದರೊಳಗಿಳಿದು
ಚೆರಿ ತೊಗಟೆಯ ಕುಂಚದಿಂದ ಉಜ್ಜಿದವನು
ಈ ಸಲ ಸುಗ್ಗಿಗೆ ಮೊದಲು
ಏಣಿಯ ಕೊನೇ ಮೆಟ್ಟಿಲು ತಪ್ಪಿ ಸೊಂಟ ಮುರಿದುಕೊಂಡ.

ಆಪರೇಷನ್ ಮುಗಿದು ಕಣ್ಣು ಬಿಟ್ಟರೆ
ತನ್ನದಲ್ಲದ ಒಂದು ನಳಿಗೆ ತನ್ನಿಂದಲೇ ಹೊರಟು
ಮಂಚದ ಕೆಳಗಿನ ಚೀಲಕ್ಕೆ ಇಳಿಯುತ್ತಿದೆ.
ಹಳದಿ. ಬಂದವರಿಗೆಲ್ಲ ಕಾಣುವ ಹಾಗೆ.
ಸೊಸೆ ಅತ್ತ ತಿರುಗಿ
ಅದರ ಮೇಲೆ ತನ್ನ ಶಾಲು ಹೊದಿಸಿದಳು.

ನರ್ಸ್ ನಾಜಿಬ್ರೋಲಾ ಶಾಲು ತೆಗೆದಳು.
"ಕಾಣಲಿ ಬಿಡಮ್ಮ. ಮುಚ್ಚಿಟ್ಟದ್ದನ್ನೇ ನಾವು ಮರೆಯೋದು."

ಮರೆತಿದ್ದರು, ಬೇಸಿಗೆಯಲ್ಲಿ.
ನಾಲ್ಕನೇ ಮಂಚದ ತ್ಸಿತ್ಸಿನೋಗೆ ಯಾಕೆ ಹಾಕಿದ್ದರು ಎಂದು
ಕೇಸ್ ಪೇಪರಿನಲ್ಲೂ ಇರಲಿಲ್ಲ.
ಎದ್ದು ಓಡಾಡಬಲ್ಲವಳು,
ಚೀಲವನ್ನು ಕೈಚೀಲದಂತೆ ಹಿಡಿದು ಓಡಾಡಿದಳು.
ಒಂಬತ್ತನೇ ದಿನ ಚಳಿ, ಹಲ್ಲು ಕಟಕಟ,
ಹನ್ನೊಂದಕ್ಕೆ ರಕ್ತಕ್ಕೇರಿದ ನಂಜು.
ಹಿತ್ತಿಲ ಬಾಗಿಲಿಗೆ ಕೋಲು ಕೊಟ್ಟು ತೆರೆದಿಟ್ಟವರು
ಕಳ್ಳನನ್ನು ಬೈದು ಏನು ಪ್ರಯೋಜನ?

ಅಂದಿನಿಂದ ನಾಜಿಬ್ರೋಲಾ
ಪ್ರತಿ ಚೀಲದ ಮೇಲೂ ಕಪ್ಪು ಮಾರ್ಕರಿನಲ್ಲಿ
ಹಾಕಿದ ತಾರೀಖು ಬರೆಯುತ್ತಾಳೆ.
ಮುಟ್ಟುವ ಮುಂಚೆ ಕೈ ತೊಳೆಯುತ್ತಾಳೆ, ಮುಟ್ಟಿದ ಮೇಲೂ.
ಬೆರಳ ಸಂದು, ಉಗುರ ಬುಡ, ಮಣಿಕಟ್ಟು.
ಇದು ದೇವರಿಗೆ ಬೇಕಾದ ಮಡಿಯಲ್ಲ,
ಯಾರನ್ನೂ ದೂರ ನಿಲ್ಲಿಸದ ಮಡಿ.
ಚಳಿಗಾಲಕ್ಕೆ ಅವಳ ಅಂಗೈ ಬಿರುಕು ಬಿಡುತ್ತದೆ,
ರಾತ್ರಿ ವ್ಯಾಸಲೀನ್ ಸವರಿ ಹಳೇ ಕಾಲುಚೀಲ ತೊಟ್ಟು ಮಲಗುತ್ತಾಳೆ,
ಕೈಗಳಿಗೆ.

"ಜೋಡಣೆ ಬಿಚ್ಚಬಾರದು" ಅಂದಳು, ನಳಿಗೆಯನ್ನು ತೊಡೆಗೆ ಅಂಟಿಸುತ್ತ.
"ಗೊತ್ತು" ಅಂದ ಮುದುಕ.
"ರಸ ಹೇಗಿದೆ ನೋಡೋಣ ಅಂತ
ನನ್ನ ಭಾವ ದಿನಾ ಮುಚ್ಚಳ ತೆಗೀತಿದ್ದ.
ಕೊನೆಗೆ ಊರಿಗೆಲ್ಲ ವಿನೆಗರ್ ಹಂಚಿದ."

ಎಕ್ಸ್‌ರೇಗೆ ಒಯ್ಯಲು ಬಂದ ಗೋಚಾ
ಸ್ಟ್ರೆಚರಿಗೆ ಎತ್ತುವಾಗ
ಚೀಲವನ್ನು ಮುದುಕನ ಹೊಟ್ಟೆಯ ಮೇಲೇ ಇಟ್ಟ.
ವಾರ್ಡೆಲ್ಲ ಬೆಚ್ಚುವಂತೆ ಅರಚಿದ ಅಂಬ್ರೋಸಿ:
"ಕೆಳಗಿಳಿಸೋ! ತೊಳೆದ ನೀರನ್ನ
ಯಾರಾದರೂ ಮತ್ತೆ ಗುಡಾಣಕ್ಕೆ ಸುರೀತಾರೇನೋ!"
ನೆಲಕ್ಕೂ ತಾಗದೆ, ಸೊಂಟಕ್ಕಿಂತ ಕೆಳಗೆ ಚೀಲ ತೂಗಿತು.
ಗೋಚಾ ಲಿಫ್ಟಿನ ತನಕ ಮಾತಾಡಲಿಲ್ಲ.

ಎರಡನೇ ದಿನ ಬೆಳಿಗ್ಗೆ ರೌಂಡ್ಸ್.
"ಡಾಕ್ಟರೇ, ಇವತ್ತೂ ಬೇಕಾ?"
ಡಾಕ್ಟರ್ ಎಲ್ಗುಜಾ ಕಣ್ಣು ಉಜ್ಜಿಕೊಂಡರು. ರಾತ್ರಿ ನಿದ್ದೆಯಿಲ್ಲ.
"ತೆಗೆದರೆ ಗಂಟೆಗೊಮ್ಮೆ ಎಬ್ಬಿಸಿ ಕೂರಿಸೋರು ಯಾರು?
ನೀವಿರೋದು ಇಬ್ಬರು, ಮಂಚ ಇಪ್ಪತ್ತೆರಡು."
ಸುಳ್ಳಲ್ಲ ಅದು.
ಸ್ವಲ್ಪ ಹೊತ್ತು ಇಪ್ಪತ್ತೆರಡು ಮಂಚಗಳೂ ಕಿವಿಗೊಟ್ಟವು.
"ನಾನು" ಅಂದಳು ನಾಜಿಬ್ರೋಲಾ.
"ನಾನೂ" ಅಂದ ಗೋಚಾ, ಬಾಗಿಲ ಹತ್ತಿರ, ಯಾರ ಮುಖವನ್ನೂ ನೋಡದೆ.

ಎಂಟಕ್ಕೆ ತೆಗೆದರು. ಒಂದು ಉಸಿರು, ಒಂದು ಬೈಗುಳ, ಆಯಿತು.
ಒಂಬತ್ತು. ಏನಿಲ್ಲ.
ಹತ್ತು. ನಲ್ಲಿ ಬಿಟ್ಟು ಸದ್ದು ಕೇಳಿಸಿದರು. ಏನಿಲ್ಲ.
ಹನ್ನೊಂದು. ಹೊಟ್ಟೆ ಬಿಗಿ. ಮುದುಕನ ಹಣೆಯಲ್ಲಿ ಬೆವರು.
ಮತ್ತೆ ಹಾಕಬೇಕಾದೀತೇನೋ.
ಅವಳು ಪರದೆ ಎಳೆದು, ಬೆನ್ನು ತಿರುಗಿಸಿ,
ಬೇರೇನೋ ಲೆಕ್ಕ ಹಾಕುವವಳಂತೆ ನಿಂತಳು.

ಹನ್ನೊಂದೂ ಮುಕ್ಕಾಲಿಗೆ
ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಒಂದು ಹನಿ.
ಆಮೇಲೆ ನಿಂತು ನಿಂತು, ಕೆಮ್ಮುತ್ತ,
ಕೊನೆಗೆ ತಡವಿಲ್ಲದ ಧಾರೆ.
ಪಕ್ಕದ ಮಂಚದವನು ಚಪ್ಪಾಳೆ ತಟ್ಟಿಬಿಟ್ಟ.

ಬಾಟಲಿಯನ್ನು ಬೆಳಕಿಗೆ ಹಿಡಿದು
ಅವಳು ಬರೆದಳು: ಮುನ್ನೂರ ಹತ್ತು ಮಿಲಿ, ತಿಳಿ.
ಪರದೆಯ ಹಿಂದಿನಿಂದ ಅಂಬ್ರೋಸಿ:
"ಈಗಲೇ ರುಚಿ ನೋಡಬೇಡ ಮಗಳೇ,
ವಸಂತ ಬರಲಿ."

ನಕ್ಕಳು. ಕೈ ತೊಳೆಯಲು ಹೋದಳು.
ಹದಿನೇಳನೇ ಮಂಚದ ಚೀಲದ ಮೇಲೆ
ಮೊನ್ನೆಯ ತಾರೀಖಿತ್ತು.