ಹೆಸರಲ್ಲಿ ‘ರ’ ಇರುವ ತಿಂಗಳುಗಳು

ಲೋಫೋಟೆನ್ ದ್ವೀಪಗಳ ದಾರಿ ಮುಗಿಯುವಲ್ಲಿ ನಮ್ಮ ಊರು.
ಹೆಸರು ಒಂದೇ ಅಕ್ಷರ: ಓ.
ಕಡಲು ಕರೆದದ್ದಕ್ಕೆ
ಬಂಡೆಯೊಂದು ಓಗೊಟ್ಟು
ಅಲ್ಲೇ ನಿಂತುಬಿಟ್ಟ ಹಾಗೆ.

ಕಾಡ್ ಮೀನಿನ ಈಲಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು ಇಲ್ಲಿ,
ನನ್ನ ಮಾವನೂ. ಆ ಹಂಡೆ ಈಗಲೂ ಇದೆ,
ಅದರಲ್ಲಿ ಈರುಳ್ಳಿ ಬೆಳೆಯುತ್ತೇನೆ.

ಅತ್ತೆಯದೊಂದು ಲೆಕ್ಕ:
ಹೆಸರಲ್ಲಿ ‘ರ’ ಇರುವ ತಿಂಗಳುಗಳಲ್ಲಿ ದಿನಕ್ಕೊಂದು ಚಮಚ,
ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ.
ಮೇ ಬಂದರೆ ಬಾಟಲಿ ಅಟ್ಟಕ್ಕೆ.
ಇನ್ನು ಸೂರ್ಯ ನೋಡಿಕೊಳ್ಳುತ್ತಾನೆ, ಅನ್ನುತ್ತಿದ್ದಳು,
ಸೂರ್ಯ ಅವಳ ಮೈದುನನೋ ಎಂಬಂತೆ.

ಇಂಗ್ವಾಲ್ಡ್ ಆ ಲೆಕ್ಕ ಮುರಿದದ್ದು
ತಮ್ಮ ಔಡುನ್ ಕತ್ತಲಲ್ಲಿ ದೋಣಿಯನ್ನು ಬಂಡೆಗೆ ಹೊಡೆದು ಹೋದ ವರ್ಷ.
‘ಎಣ್ಣೆ ಬಿಟ್ಟಿದ್ದ. ಕಣ್ಣು ಮಂಜಾಗಿತ್ತು’ ಎಂದ.
ಮತ್ತೆ ಆ ಮಾತಿಲ್ಲ.
ಚಮಚ ಲೋಟವಾಯಿತು. ಜೂನ್ ಕೂಡ, ಜುಲೈ ಕೂಡ.
ಎಣ್ಣೆಯ ಮೇಲೆ ಹಳದಿ ಗುಳಿಗೆ, ನಾಲ್ಕು,
ಪೋಸ್ಟಿನಲ್ಲಿ ಬರುವ ಡಬ್ಬಿಯಿಂದ.
ಹನ್ನೊಂದು ವರ್ಷ.

ತುಟಿ ಬಿರಿಯಿತು. ಅಂಗೈ ಸಿಪ್ಪೆ ಎದ್ದಿತು.
ದಿಂಬಿನ ಮೇಲೆ ಹುಬ್ಬಿನ ಕೂದಲು.
ಚಳಿಗೆ ಎಂದ. ಉಪ್ಪುಗಾಳಿಗೆ ಎಂದ.

ಗ್ರಾವ್‌ದಾಲ್ ಆಸ್ಪತ್ರೆಯಲ್ಲಿ ಡಾಕ್ಟರ್ ರಾಂಡಿ
ಅವನ ಬಲಪಕ್ಕೆಯ ಮೇಲೆ ಯಂತ್ರ ಜಾರಿಸುತ್ತ
‘ಎಷ್ಟು ಕುಡಿಯುತ್ತೀರಿ?’ ಎಂದಳು.
ಜನ್ಮದಲ್ಲಿ ಬಿಯರು ಮುಟ್ಟದ ಗಂಡಸು ಕೆಂಪಾದ.
ನಾನೇ ಹೇಳಿದೆ: ಕುಡಿಯುವುದು ಎಣ್ಣೆಯೇ. ಮೀನಿನದು.

ಮೀನಿಗೆ ಈಲಿ ಅನ್ನುತ್ತೇವೆ, ಅವಳು ಯಕೃತ್ತು ಅಂದಳು.
ಪರದೆಯಲ್ಲದು ಬೆಳ್ಳಗಿತ್ತು,
ಪಾತ್ರೆಯಲ್ಲಿ ಆರಿ ಹೆಪ್ಪುಗಟ್ಟಿದ ಚರಬಿಯ ಹಾಗೆ.
ನೀರಲ್ಲಿ ಕರಗುವುದನ್ನು ಮೈ ಹೊರಗೆ ಕಳಿಸುತ್ತದಂತೆ,
ಕೊಬ್ಬಲ್ಲಿ ಕರಗುವುದು ಒಳಗೇ ಉಳಿಯುತ್ತದಂತೆ.
ಯಕೃತ್ತಿನ ಸಂದಿಗಳಲ್ಲಿ ನಕ್ಷತ್ರದಾಕಾರದ ಕೋಶಗಳು,
ಹನಿ ಹನಿ ಕೊಬ್ಬಿನಲ್ಲಿ ಮುಳುಗಿಸಿಟ್ಟು
ಜೀವಸತ್ವವನ್ನು ಕಾಯುತ್ತವಂತೆ.
ತುಂಬಿ ತುಂಬಿ ಉಬ್ಬಿದರೆ
ಕಾಯುವುದು ಬಿಟ್ಟು ನಾರು ನೇಯತೊಡಗುತ್ತವಂತೆ.

ವಾಪಸು ಬರುವ ಬಸ್ಸಿನಲ್ಲಿ ಒಮ್ಮೆ ಮಾತ್ರ ಬಾಯಿ ಬಿಟ್ಟ:
‘ಕಾಡ್ ಮೀನಿನ ಮಾಂಸದಲ್ಲಿ ಕೊಬ್ಬೇ ಇಲ್ಲ, ನೋಡು.
ಇರುವುದನ್ನೆಲ್ಲ ಈಲಿಯಲ್ಲೇ ಇಟ್ಟುಕೊಳ್ಳುತ್ತದೆ.’
ನಾನು ಅವನ ಸಿಪ್ಪೆ ಎದ್ದ ಕೈಯನ್ನು
ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ.

ಇದು ಜೂನ್. ಬಾಟಲಿ ಅಟ್ಟದಲ್ಲಿದೆ.
ಬಿಳುಪು ಇಳಿಯುತ್ತಿದೆಯಂತೆ, ನಿಧಾನ.
ನಡುರಾತ್ರಿಯ ಬಿಸಿಲಲ್ಲಿ
ಅವನು ಜೆಟ್ಟಿಯ ತುದಿಗೆ ಕೂತು
ಆ ಬಂಡೆಯನ್ನೇ ನೋಡುತ್ತಾನೆ.
ಊಟಕ್ಕೆ ಕರೆಯುತ್ತೇನೆ.
ಸ್ವಲ್ಪ ತಡವಾಗಿ
‘ಓ’ ಎನ್ನುತ್ತಾನೆ.