ಬೇಡ ಎನ್ನುವವನು

ಹಾರ್ಮೋನು ಹಾಕುವ ಮುಂಚೆ ಒಂದು ಹಿಡಿ ಸಸಿ,
ಹಾಕಿ ಹತ್ತು ನಿಮಿಷಕ್ಕೆ ಒಂದು ಹಿಡಿ,
ಇಪ್ಪತ್ತಕ್ಕೆ, ನಲವತ್ತಕ್ಕೆ. ಅರೆದೆ.
ಫಿಲ್ಮಿನ ಮೇಲೆ ಮೊದಲ ಗೆರೆ
ಕಾಡಿಗೆ ತೀಡಿದಷ್ಟು ದಪ್ಪ.
ಎರಡನೆಯದು ಮಾಸಲು.
ಮೂರನೆಯದು ಇದೆ ಎಂದರೆ ಇದೆ.
ನಾಲ್ಕನೆಯ ಮನೆ ಖಾಲಿ.

ಈ ಖಾಲಿಗಾಗಿ ಮೂರು ತಿಂಗಳು
ವಿ.ಸಿ. ಫಾರಂನ ಸೊಳ್ಳೆಗಳಿಗೆ ರಕ್ತ ಕೊಟ್ಟಿದ್ದೆ.

ಬೀಗದ ಕೈ ಕೊಡಲು ಬಂದ ನಿಂಗಾಜಮ್ಮ
ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದಳು.
"ಏನೂ ಇಲ್ವಲ್ಲವ್ವ ಇಲ್ಲಿ?"

ಹೇಳಲು ಹೋದೆ:
ಪೈರಿನೊಳಗೆ ಒಬ್ಬನಿದ್ದಾನೆ, ಬೇಡ ಎನ್ನುವವನು.
ಬೆಳೆ ಬೆಳೆ ಎಂದು ಯಾರೂ ಪೈರನ್ನು ದೂಡುವುದಿಲ್ಲ.
ಹಾರ್ಮೋನು ಬಂದು ಮಾಡುವುದಿಷ್ಟೇ,
ಅವನನ್ನು ಹಿಡಿದುಕೊಡುವುದು.
ಬೆನ್ನಿಗೊಂದು ಚೀಟಿ ಅಂಟುತ್ತದೆ,
ಚೀಟಿಯ ಬಾಲಕ್ಕೆ ಇನ್ನೊಂದು, ಮತ್ತೊಂದು.
ಬಾಲ ಉದ್ದವಾದದ್ದು ಕಂಡು ಗಾಣ ಬಾಯಿ ತೆರೆಯುತ್ತದೆ.
ಜಲ್ಲೆಯ ಹಾಗೆ ಹೋಗುತ್ತಾನೆ, ಚೂರಾಗುತ್ತಾನೆ.
ಚೀಟಿಗಳನ್ನು ಮಾತ್ರ ಬಿಚ್ಚಿ ಎತ್ತಿಡುತ್ತಾರೆ,
ನಾಳೆ ಬೇಕಲ್ಲ.

"ನಮ್ಮ ನೀರುಗಂಟಿ ಕೆಲಸ ಅನ್ನು.
ನೀರ ಯಾರು ತಳ್ತಾರೆ?
ತೂಬಿನ ಹಲಗೆ ಎತ್ತಿದ್ರೆ ತಾನೇ ಬತ್ತದೆ."
ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಆದ್ರೂವೆ, ಹಲಗೇನ ಯಾರೂ ಗಾಣಕ್ಕಾಕಲ್ಲ ಕಣವ್ವ.
ನಾಳಿಕೆ ಮುಚ್ಚೋದು ಯಾತರಲ್ಲಿ?"

ಹೊಸಬನನ್ನು ಮಾಡುತ್ತಲೇ ಇರುತ್ತದೆ ಪೈರು, ಎಂದೆ.
ಮಾಡುತ್ತಲೇ, ಅರೆಯುತ್ತಲೇ.
"ಥೂ, ಎಷ್ಟು ದಂಡ!"

ಗಾಣದ ಬಾಯಿಗೆ ಮದ್ದು ತುರುಕಿದ್ದ ಸಸಿಗಳ ಫಿಲ್ಮನ್ನೂ ತೋರಿಸಿದೆ.
ನಾಲ್ಕೂ ಮನೆಯಲ್ಲಿ ಅವನೇ,
ಕಪ್ಪಗೆ, ಕಾಲು ಚಾಚಿ ಕೂತು.
ಅವಳು ಅದನ್ನು ನೋಡಲಿಲ್ಲ,
ಕೈ ಹಿಡಿದು ಒಟ್ಲು ಪಾತಿಗೆ ಕರೆದೊಯ್ದಳು.

ಮೊಣಕಾಲುದ್ದದ ಹಸಿರಿನ ನಡುವೆ
ಅಲ್ಲೊಂದು ಇಲ್ಲೊಂದು
ಬಿಳಿಚಿಕೊಂಡು, ಬಡಕಲಾಗಿ, ಎಲ್ಲರಿಗಿಂತ ಒಂದು ಗೇಣು ಮೇಲೆ.
ಹುಚ್ಚು ಪೈರು.
ಬೂಷ್ಟು ಒಳಹೊಕ್ಕು ಅದೇ ಹಾರ್ಮೋನನ್ನು
ಅಳತೆಯಿಲ್ಲದೆ ಸುರಿದಿದೆ.
ಬೇಡ ಎನ್ನಲು ಒಳಗೆ ಯಾರೂ ಉಳಿದಿಲ್ಲ.
ತೆನೆ ಕಾಣುವುದಿಲ್ಲ ಇವು,
ಕಂಡರೂ ಜೊಳ್ಳು.

ಹದಿನೆಂಟು ವರ್ಷ ಇವನ್ನು ಕಿತ್ತಿದ್ದಾಳೆ, ದಿನಗೂಲಿಗೆ.
ಬುಡಕ್ಕೆ ಎರಡು ಬೆರಳು, ಒಂದು ತಿರುವು,
ಬೇರಿನ ಕೆಸರು ಕೊಡವಿ ಚೀಲಕ್ಕೆ.
ನಾನು ಹಿಂದೆ ಹಿಂದೆ, ಪ್ಯಾಂಟು ಮಡಚಿ.

ಮೂಲೆಯ ಒಂದು ಸಸಿಯ ಮುಂದೆ ಅವಳ ಕೈ ನಿಂತಿತು.
ಉದ್ದವೇ. ಆದರೆ ಹಸಿರು.
ಬಗ್ಗಿ ಗೆಣ್ಣು ಸವರಿದಳು.

"ಇದು ಹುಚ್ಚೋ, ಬರೀ ಉದ್ದವೋ
ಇವತ್ತು ಗೊತ್ತಾಗಕಿಲ್ಲ" ಎಂದು
ಅದನ್ನು ಹಾಗೇ ಬಿಟ್ಟು
ಮುಂದಿನ ಸಾಲಿಗೆ ಹೋದಳು.