ತಿಂಗಳ ಕೊನೆಯ ರಾತ್ರಿ, ಮೂರನೇ ಕೌಂಟರು

ಒಂಬತ್ತೂ ಐವತ್ತಕ್ಕೆ ಬಂದಳು ಟ್ವೈಲಾ,
ಸೊಂಟದ ಮೇಲೊಂದು ಎರಡು ವರ್ಷದ್ದು,
ಒಳಗೊಂದು ಏಳು ತಿಂಗಳದ್ದು.
ಹತ್ತಕ್ಕೆ ಅಂಗಡಿ ಮುಚ್ಚುತ್ತದೆ. ಹನ್ನೆರಡಕ್ಕೆ
ತಾಯಿಮಕ್ಕಳ ಕಾರ್ಡು.
ಇವತ್ತು ಜನವರಿ ಮೂವತ್ತೊಂದು.
ಈ ತಿಂಗಳ ಹಾಲನ್ನು ಈ ತಿಂಗಳೇ ಕೊಳ್ಳಬೇಕು,
ನಾಳೆ ಅದು ಯಾರದೂ ಅಲ್ಲ.

"ಕಾರು ಕೆಟ್ಟಿತ್ತು" ಅಂದಳು. ನಾನು ಕೇಳಿರಲಿಲ್ಲ.
ಹೊಳೆಯಾಚೆಯಿಂದ ನಡೆದೇ ಬಂದಿದ್ದಾಳೆ,
ಬೂಟಿನೊಳಗೆ ಕರಗಿದ ಹಿಮ ಪಚಪಚ ಅನ್ನುತ್ತಿತ್ತು.
ವೆಸ್ಟ್ ವರ್ಜೀನಿಯಾದ ಈ ಕಣಿವೆಯಲ್ಲಿ
ಗಣಿ ನಿಂತ ಮೇಲೆ ಬಸ್ಸೂ ನಿಂತಿತು.
ಉಳಿದದ್ದು ಒಂದು ಚರ್ಚು, ಒಂದು ಪೆಟ್ರೋಲ್ ಬಂಕು,
ಮತ್ತೆ ನಾವು: ಹ್ಯಾಗರ್ಟಿ ದಿನಸಿ, ಮೂರು ಕೌಂಟರು,
ಅದರಲ್ಲಿ ಎರಡು ಯಾವಾಗಲೂ ಕತ್ತಲು.

ಮೊಟ್ಟೆ ಹನ್ನೆರಡು. ಒಣ ಬೀನ್ಸು ಒಂದು ಪೊಟ್ಟಣ.
ಬ್ರೆಡ್ಡಿಗೆ ಯಂತ್ರ ಒಲ್ಲೆ ಅಂದಿತು.
ಹದಿನಾರು ಔನ್ಸಿನದಾದರೆ ಸರಿ, ಇದು ಇಪ್ಪತ್ತು.
ನಾಲ್ಕು ಔನ್ಸು, ಅಂದರೆ ಮೂರೋ ನಾಲ್ಕೋ ಹೋಳು,
ಹೆಚ್ಚು ತಿಂದಿದ್ದರೆ ಯಾರಿಗೆ ಏನಾಗುತ್ತಿತ್ತೋ.
ನಾನೇ ಹೋಗಿ ಬದಲಿಸಿ ತಂದೆ, ಮೊಣಕಾಲು ಬೈದುಕೊಂಡಿತು.
ಹಿಂದೆ ಬಿಯರು ಹಿಡಿದು ನಿಂತವ ಉಸ್ಸಂದ.
ಅವಳ ಕಿವಿ ಕೆಂಪಾಯಿತು.
ಆ ಕೆಂಪು ನನಗೆ ಗೊತ್ತು.

ನಮ್ಮವ್ವನ ಕಾಲಕ್ಕೆ ಕಾರ್ಡಿರಲಿಲ್ಲ, ಕಾಗದದ ಚೀಟಿ.
"ಮೂರಕ್ಕೆ ಚೀಟಿಯವರು ಬಂದಿದ್ದಾರೆ" ಅಂತ ಮೈಕಿನಲ್ಲಿ ಕೂಗಿ
ಮ್ಯಾನೇಜರನ್ನು ಕರೆಯುತ್ತಿದ್ದರು, ಸಹಿಗೆ.
ಅವ್ವ ಹದಿನೆಂಟು ಮೈಲಿಯಾಚೆಯ ಊರಿಗೆ ಹೋಗಿ
ಗುರುತಿಲ್ಲದವರ ಎದುರು ನಾಚುತ್ತಿದ್ದಳು.
ಪೆಟ್ರೋಲಿಗೆ ಸುರಿದ ದುಡ್ಡಿಗೆ ಅರ್ಧ ಹಾಲು ಬರುತ್ತಿತ್ತು.
ಆ ಲೆಕ್ಕ ಅವಳಿಗೂ ಬರುತ್ತಿತ್ತು.

ಹಾಗಂತ ಹೀಗಳೆಯಲಾರೆ.
ಈ ಹಲ್ಲು ನೋಡಿ, ಐವತ್ತೆಂಟಕ್ಕೂ ನನ್ನವೇ.
ಆ ಚೀಟಿಯ ಹಾಲು ಇವತ್ತಿಗೂ ನನ್ನ ಮೂಳೆಯಲ್ಲಿ
ದಿನಕ್ಕೆ ಎಂಟು ತಾಸು ನಿಲ್ಲುತ್ತದೆ.

ಟ್ವೈಲಾ ಒಂದು ಹುಳಿಸೌತೆಯ ಜಾಡಿ ಇಟ್ಟಳು,
ತೆಗೆದಳು,
ಮತ್ತೆ ಇಟ್ಟಳು.
ಕಾರ್ಡಿಗೆ ಬಸಿರು ಗೊತ್ತು, ಬಯಕೆ ಗೊತ್ತಿಲ್ಲ.
ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಕಬ್ಬಿಣಾಂಶ ನೋಡುತ್ತಾರೆ,
ಕೂಸನ್ನು ತಕ್ಕಡಿಯಲ್ಲಿ ಕೂರಿಸುತ್ತಾರೆ,
ನಾಲಗೆಯ ಆಸೆಗೆ ಕಾಲಮ್ಮಿಲ್ಲ.
ಜೇಬು ತಡಕಿದಳು. ಎಂಬತ್ತು ಸೆಂಟು ಕಡಿಮೆ.
ಬಿಯರಿನವ ನಾಣ್ಯ ಬಿಸಾಡಿದ.
ಬಿಸಾಡಿದ ಅಂತಲೇ ಅನ್ನಬೇಕು, ಅವನ ಮುಖ
ಸಿಗರೇಟಿನ ಕಪಾಟಿನ ಕಡೆ ಇತ್ತು.

ಆಮೇಲೆ ಹಾಲು. ಮೂರು ಗ್ಯಾಲನ್ ಬಾಕಿ.
ಕೊಂಡರೆ ಹೊರಲಾರಳು,
ಬಿಟ್ಟರೆ ಹನ್ನೆರಡಕ್ಕೆ ಆವಿ.
ಹೊತ್ತಿರುವವಳು ಇನ್ನೂ ಎಷ್ಟು ಹೊರಬೇಕು.
"ಕೊಂಡುಬಿಡು" ಅಂದೆ.

ಹಿಂದಿನ ಕೋಣೆಯ ಫ್ರಿಜ್ಜಿನಲ್ಲಿ, ನಮ್ಮ ಊಟದ ಡಬ್ಬಿಗಳ ಪಕ್ಕ,
ಎರಡು ಕ್ಯಾನು ಇಟ್ಟು, ಟೇಪು ಹರಿದು ಹೆಸರು ಬರೆದೆ.
ಹೀಗೆ ಮಾಡಬಾರದು ಅಂತ ಅಲ್ಲೇ ಗೋಡೆಯ ಮೇಲೆ ಹಾಳೆಯಿದೆ,
ಅದನ್ನೂ ಇದೇ ಟೇಪಿನಲ್ಲೇ ಅಂಟಿಸಿದ್ದಾರೆ.

ಒಂದನ್ನು ಅವಳು ಒಯ್ದಳು. ಬಾಗಿಲಲ್ಲಿ ತಿರುಗಿ ಏನೋ ಅಂದಳು,
ನಾನು ಗಲ್ಲಾದ ನಾಣ್ಯ ಎಣಿಸುತ್ತಿದ್ದೆ,
ಎಣಿಕೆ ತಪ್ಪಿತು, ಮತ್ತೆ ಒಂದರಿಂದ.

ಶುಕ್ರವಾರ ಬಂದರು.
ಕೂಸು, ವೇಲನ್ ಅಂತ ಹೆಸರು, ತಾಯಿ ಬಗ್ಗುವಷ್ಟರಲ್ಲಿ
ಕ್ಯಾನಿನ ಟೇಪು ಕಿತ್ತು
ತನ್ನ ಅಂಗಿಯ ಎದೆಗೆ ಅಂಟಿಸಿಕೊಂಡಿತು,
ಹಬ್ಬದ ಬಟ್ಟೆ ತೋರಿಸುವ ಹಾಗೆ ಎಲ್ಲರಿಗೂ ತೋರಿಸಿತು.
ಅದರ ಮೇಲೆ ನನ್ನದೇ ಸೊಟ್ಟ ಅಕ್ಷರ:
ಟ್ವೈಲಾ ರ‍್ಯಾಟ್ಲಿಫ್. ಮುಟ್ಟಬೇಡಿ.